ಯಾದ್ವಿಗಾರ ನಾಡಿನಲ್ಲಿ

ವ್ರೊತ್ಸ್ವಾಫ್ ನಗರದ ಉತ್ತರಕ್ಕೆ ತ್ಷೆಬ್ನಿತ್ಸಾ ಎಂಬ ಪುಟ್ಟ ಊರು. ಅಲ್ಲಿನ ಬೆಸಿಲಿಕಾದಲ್ಲಿ ಸೈಲೀಷಿಯಾದ ಅರಸಿ ಯಾದ್ವಿಗಾಳ ಸಮಾಧಿಯಿದೆ. 1241ರಲ್ಲಿ ಮಂಗೋಲರನ್ನು ಎದುರಿಸಿ ಮಗ ಲೆಗ್ನಿತ್ಸಾದ ರಣರಂಗದಲ್ಲಿ ಮಡಿದ. ಎರಡು ವರ್ಷಕ್ಕೆ ತಾಯಿಯೂ ತೀರಿಕೊಂಡಳು. ಹಿಮದಲ್ಲೂ ಬರಿಗಾಲಲ್ಲೇ ನಡೆಯುತ್ತಿದ್ದವಳಂತೆ. ಪಾದರಕ್ಷೆ ಬಿಡಕೂಡದೆಂದು ಗುರು ಕಟ್ಟಪ್ಪಣೆ ಮಾಡಿದಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು ಎನ್ನುತ್ತದೆ ಐತಿಹ್ಯ. ಅದಕ್ಕೇ ಆಕೆಯ ಎಷ್ಟೋ ಮೂರ್ತಿಗಳ ಕೈಯಲ್ಲಿ ಒಂದು ಜೊತೆ ಪಾದರಕ್ಷೆ.

ಪೋಲೆಂಡಿನಲ್ಲಿ ಎಲ್ಲಿ ಹೋದರೂ ಈ ಹೆಸರು ಎದುರಾಗುತ್ತದೆ. 1320ರಲ್ಲಿ ಕ್ರಾಕುವ್‌ನ ವಾವೆಲ್ ಗುಡ್ಡದ ಮೇಲೆ ಗಂಡನೊಡನೆ ಕಿರೀಟ ಧರಿಸಿದ ರಾಣಿಯೂ ಯಾದ್ವಿಗಾ. ವಿಧವೆಯಾದ ಮೇಲೆ ಸ್ಟಾರಿ ಸಾಂಚ್‌ನ ಸನ್ಯಾಸಿನಿಯರ ಮಠ ಸೇರಿದಳು.

ಅವಳ ಮರಿಮೊಮ್ಮಗಳೇ ಮೂರನೆಯ ಯಾದ್ವಿಗಾ. 1384ರ ಅಕ್ಟೋಬರ್ 16ರಂದು, ಇನ್ನೂ ಹತ್ತರ ಆಸುಪಾಸಿನ ಹುಡುಗಿಗೆ, ಅದೇ ವಾವೆಲ್‌ನಲ್ಲಿ ಪಟ್ಟ ಕಟ್ಟಿದರು. ರಾಣಿ ಎಂದಲ್ಲ, ರಾಜ ಎಂದೇ! ಲಿಥುವೇನಿಯಾದ ಯೊಗೈಲನನ್ನು ಮದುವೆಯಾಗಿ ಎರಡು ನಾಡುಗಳನ್ನು ಬೆಸೆದಳು. 1399ರಲ್ಲಿ ಹಸುಗೂಸು ತೀರಿಕೊಂಡ ನಾಲ್ಕೇ ದಿನಕ್ಕೆ ತಾನೂ ಹೋದಳು. ಒಡವೆಗಳನ್ನು ಕ್ರಾಕುವ್‌ನ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟಿದ್ದಳು; ಮರುವರ್ಷವೇ ಅದು ಮರುಹುಟ್ಟು ಪಡೆಯಿತು.

ಕ್ರಾಕುವ್‌ನ ಕಾರ್ಮಲೈಟರ ಚರ್ಚಿನ ಹೊರಗೋಡೆಯಲ್ಲಿ, ಕಂಬಿಯ ಹಿಂದೆ, ಒಂದು ಹೆಜ್ಜೆಗುರುತಿದೆ. ಹೆಂಡತಿಯ ಕಾಯಿಲೆಗೆ ಕಾಸಿಲ್ಲದೆ ಅಳುತ್ತಿದ್ದ ಕಲ್ಲುಕುಟಿಗನನ್ನು ಕಂಡು ಈ ಮೂರನೆಯ ಯಾದ್ವಿಗಾ ಕಲ್ಲಿನ ಮೇಲೆ ಕಾಲಿಟ್ಟು, ಪಾದರಕ್ಷೆಯ ಚಿನ್ನದ ಕೊಕ್ಕೆ ಕಿತ್ತುಕೊಟ್ಟಳಂತೆ. ದಾರಿಹೋಕರು ನಿಂತು ನೋಡುವ ಗುರುತು ಅದು. ಮೊದಲ ಯಾದ್ವಿಗಾ ಕಂಕುಳಲ್ಲಿ ಹೊತ್ತ ಪಾದರಕ್ಷೆಯೇ ನನಗೆ ಅಲ್ಲಿ ನೆನಪಾದದ್ದು. ಜನ ತಮ್ಮ ಅರಸಿಯರನ್ನು ನೆನಪಿಟ್ಟುಕೊಂಡಿರುವುದು ಸಿಂಹಾಸನದಿಂದಲ್ಲ, ನೆಲ ಮುಟ್ಟಿದ ಪಾದದಿಂದ.

ವಾವೆಲ್ ಕೆಥೆಡ್ರಲ್‌ನಲ್ಲಿ ಮೂರನೆಯ ಯಾದ್ವಿಗಾಳ ಅಮೃತಶಿಲೆಯ ಸಮಾಧಿ ಚೆಲುವಾದದ್ದು. ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೆ: ಗೋರಿ ತೆರೆದಾಗ ಸಿಕ್ಕ, ಮರದ್ದೇ ಆದ ರಾಜದಂಡ. ಇಷ್ಟು ದೊಡ್ಡ ರಾಜ್ಯದ ಒಡತಿಯ ಜೊತೆಗೆ ಮಣ್ಣಿಗೆ ಹೋದದ್ದು ಮರ!

ಮರ ಉಳಿಯಿತು, ಚಿನ್ನ ಉಳಿಯಲಿಲ್ಲ: ಆ ನಾಡಿನ ಚಿನ್ನದ ಕಿರೀಟಗಳನ್ನು 1795ರಲ್ಲಿ ಪ್ರಷ್ಯದವರು ವಾವೆಲ್‌ನಿಂದ ಹೊತ್ತೊಯ್ದು, 1809ರಲ್ಲಿ ಕರಗಿಸಿಬಿಟ್ಟರು. ಕ್ರಾಕುವ್‌ಗೆ ಹೋದವರು ಆ ಮರದ ರಾಜದಂಡವನ್ನು ನೋಡದೆ ಬರಬೇಡಿ.