ನನ್ನ ನೆರೆಯವನು ಯಾರು?

ಪಾಠಯೋಜನೆಯಲ್ಲಿ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ ಎಲ್ಲಕ್ಕೂ ಜಾಗವಿದೆ. ಶಿಕ್ಷಕರ ನಂಬಿಕೆಗೆ ಜಾಗವಿಲ್ಲ. ಆದರೂ ಅದು ನಮ್ಮ ಜೊತೆ ತರಗತಿಯೊಳಗೆ ಬರುತ್ತದೆ. ನಾನು ಕ್ರೈಸ್ತ ಕುಟುಂಬದವಳು. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿ. ಅಲ್ಲಿ ಕ್ರೈಸ್ತ ಮಕ್ಕಳು ಒಬ್ಬರೂ ಇರಲಿಲ್ಲ.

ಎರಡನೇ ವಾರ ಸೂಕ್ಷ್ಮಜೀವಿಗಳ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಮೇಜಿನ ಬಳಿ ಬಂದಳು. "ಮಿಸ್, ಯೇಸುವನ್ನು ನಂಬದವರೆಲ್ಲ ನರಕಕ್ಕೆ ಹೋಗ್ತಾರಂತೆ, ಹೌದಾ? ನಮ್ಮಜ್ಜಿ ಹೋದ ತಿಂಗಳು ತೀರಿಕೊಂಡ್ರು."

"ಅದನ್ನ ತೀರ್ಮಾನ ಮಾಡೋಳು ನಾನಲ್ಲಮ್ಮ. ನಿಮ್ಮಜ್ಜಿ ಹೇಗಿದ್ರು, ಹೇಳು" ಎಂದೆ. ಮನೆಗೆ ಯಾರೇ ಬಂದರೂ ಅಜ್ಜಿ ಮೊದಲು ಬೆಲ್ಲ, ನೀರು ಕೊಡುತ್ತಿದ್ದರಂತೆ. ಗಂಟೆ ಹೊಡೆಯುವವರೆಗೂ ಹೇಳಿದಳು.

ನನ್ನ ಉತ್ತರಕ್ಕೆ ಆಧಾರ ಲೂಕನ ಸುವಾರ್ತೆಯ 10ನೇ ಅಧ್ಯಾಯ. ನೆರೆಯವನು ಯಾರೆಂದು ಕೇಳಿದ ಪಂಡಿತನಿಗೆ ಯೇಸು ಕಥೆ ಹೇಳಿ, ಕೊನೆಗೆ ಮರುಪ್ರಶ್ನೆ ಹಾಕುತ್ತಾರೆ. ದಾರಿಯಲ್ಲಿ ಬಿದ್ದ ಗಾಯಾಳುವನ್ನು ಯಾಜಕನೂ ಲೇವಿಯನೂ ದಾಟಿಹೋದರು. ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚು ಕೊಟ್ಟವನು ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಕಥೆಯಲ್ಲಿ ಹೊರಗಿನವನೇ ಗುರು.

ಸುವಾರ್ತೆ ಸಾರಬೇಕೆಂಬ ಮಾತೂ ಅದೇ ಬೈಬಲ್ಲಿನಲ್ಲಿದೆ, ಅದನ್ನು ಮರೆಮಾಚಲಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮತಪ್ರಚಾರಕ್ಕೆಂದೇ ಬಂದವರು. ಆದರೂ ಅವರಲ್ಲಿ ಮೋಗ್ಲಿಂಗ್ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಕಲಿಸಲು ಬಂದವರು ಕಲಿಯಲೂ ಕುಳಿತರು.

ಸಂವಿಧಾನದ 28ನೇ ವಿಧಿಯಂತೆ, ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರುವಂತಿಲ್ಲ. ಇದರ ಅರ್ಥ ನನಗೆ ಆ ತರಗತಿಯಲ್ಲಿ ಸ್ಪಷ್ಟವಾಯಿತು. ಸಂತೆಯಲ್ಲಿ ಪ್ರಚಾರ ಕೇಳಿದವರು ಬೇಡವೆಂದರೆ ಮುಂದೆ ಹೋಗಬಹುದು. ತರಗತಿಯ ಮಗು ಎದ್ದು ಹೋಗಲಾರದು. ಅಂಕ ಕೊಡುವವರೂ ನಾವೇ. ಎದ್ದು ಹೋಗಲಾಗದವರ ಮುಂದೆ ಸಾರಿದರೆ ಅದು ಒತ್ತಾಯವೇ.

ಹಾಗೆಂದು ನಂಬಿಕೆಯನ್ನು ಗೇಟಿನ ಹೊರಗೆ ಬಿಟ್ಟು ಬರಬೇಕಿಲ್ಲ. ನನ್ನ ಪಾಲಿಗೆ ಅದರ ಕೆಲಸಗಳು ಚಿಕ್ಕವು: ಹಿಂದಿನ ಬೆಂಚಿನವರ ಹೆಸರು ಕಲಿಯುವುದು, ಊರಹಬ್ಬಕ್ಕೆ ರಜೆ ಹಾಕಿದವರಿಗೆ ತಪ್ಪಿದ ಪಾಠ ಹೇಳಿಕೊಡುವುದು, ಎಲ್ಲರ ಪುಸ್ತಕವನ್ನೂ ಒಂದೇ ಶ್ರದ್ಧೆಯಿಂದ ತಿದ್ದುವುದು.