ಪರದೇಶದ ಮುಪ್ಪು ಮತ್ತು ಸರ್ಪಸುತ್ತು

ಪರದೇಶಕ್ಕೆ ಹೋಗಿ ನೆಲೆಸುವವರು ತಮ್ಮೊಡನೆ ಏನೇನನ್ನು ಒಯ್ಯುತ್ತಾರೆಂಬುದನ್ನು ತಾವೇ ಪೂರ್ಣವಾಗಿ ಬಲ್ಲವರಲ್ಲ. ಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದಕ್ಕೆ ಪಟ್ಟಿಯುಂಟು; ಮನಸ್ಸಿನಲ್ಲಿ ಇಟ್ಟುಕೊಂಡದ್ದಕ್ಕೆ ನೆನಪುಂಟು; ಮೈಯೊಳಗೆ ಅಡಗಿ ಬಂದದ್ದಕ್ಕೆ ಎರಡೂ ಇಲ್ಲ. ಬಾಲ್ಯದಲ್ಲಿ ಸೀತಾಳೆ ಸಿಡುಬು ಎದ್ದು ಗುಣವಾದವರ ಶರೀರದಲ್ಲಿ ಆ ರೋಗದ ವೈರಸ್ಸು ನಿರ್ಮೂಲವಾಗುವುದಿಲ್ಲ. ಅದು ಬೆನ್ನುಹುರಿಯ ಪಕ್ಕದ ನರಗ್ರಂಥಿಗಳನ್ನು ಸೇರಿ ಅಲ್ಲಿಯೇ ನಿದ್ರಿಸುತ್ತದೆ. ನಲವತ್ತು, ಐವತ್ತು, ಅರವತ್ತು ವರ್ಷಗಳು ಕಳೆದಮೇಲೆ, ದೇಹದ ಕಾವಲು ಸಡಿಲವಾದ ಒಂದು ದಿನ, ಎಚ್ಚತ್ತು, ನರದ ದಾರಿಯನ್ನೇ ಹಿಡಿದು ಚರ್ಮಕ್ಕೆ ಬರುತ್ತದೆ. ಆಗ ಅದರ ಹೆಸರು ಸರ್ಪಸುತ್ತು.

ಹಾಸನದ ಸೀಮೆಯ ಒಂದು ಹಳ್ಳಿಯಲ್ಲಿ ೧೯೫೭ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಹುಟ್ಟಿ, ೧೯೮೩ರಲ್ಲಿ ಇಂಗ್ಲೆಂಡಿಗೆ ಹೋಗಿ, ಬರ್ಮಿಂಗ್‌ಹ್ಯಾಮ್ ನಗರದ ಸಮೀಪದಲ್ಲಿ ಎಂಜಿನಿಯರರಾಗಿ ದುಡಿದು ವಿಶ್ರಾಂತರಾದ ಒಬ್ಬ ಗೃಹಸ್ಥರಿಗೆ ಅರವತ್ತಾರನೆಯ ವಯಸ್ಸಿನವರೆಗೂ ಈ ಸಂಗತಿಯ ಯೋಚನೆ ಬಂದಿರಲಿಲ್ಲ. ೧೯೬೬ರ ಬೇಸಿಗೆಯಲ್ಲಿ ಅವರ ಮನೆಯ ಐದು ಮಕ್ಕಳಿಗೆ ಒಟ್ಟಿಗೆ ‘ಅಮ್ಮ’ ಬಂದಿದ್ದಳು. ಬೇವಿನ ಸೊಪ್ಪಿನ ಹಾಸಿಗೆ, ಒಗ್ಗರಣೆಯಿಲ್ಲದ ಅಡಿಗೆ, ಎಳನೀರು, ಶಾಲೆಗೆ ರಜ. ಕೆರೆತವೊಂದನ್ನು ಬಿಟ್ಟರೆ ಆ ಮಕ್ಕಳಿಗೆ ಅದು ಹಬ್ಬದಂತೆಯೇ ಕಳೆಯಿತು. ಮೂರನೆಯ ನೀರು ಹಾಕಿಸಿಕೊಂಡು ಅಂಗಳಕ್ಕೆ ಓಡಿದ ಹುಡುಗನು, ಆ ಅತಿಥಿಯು ಹೊರಟುಹೋಗಲಿಲ್ಲವೆಂದೂ ತನ್ನೊಡನೆ ಸಮುದ್ರವನ್ನು ದಾಟುವುದೆಂದೂ ಹೇಗೆ ತಿಳಿದಾನು?

ಅವರಿಗೆ ಇದನ್ನು ನೆನಪಿಗೆ ತಂದದ್ದು ಪತ್ನಿಯ ಹೆಸರಿಗೆ ಬಂದ ಒಂದು ಕಾಗದ. ಇಂಗ್ಲೆಂಡಿನಲ್ಲಿ ೨೦೨೩ರ ಸೆಪ್ಟೆಂಬರ್ ೧ನೆಯ ತಾರೀಖಿನಿಂದ ಸರ್ಪಸುತ್ತಿನ ಸೂಜಿಮದ್ದಿನ ನಿಯಮವು ಬದಲಾಯಿತು. ಆ ದಿನದಿಂದ ಮುಂದೆ ಅರವತ್ತೈದು ತುಂಬುವವರಿಗೂ, ಎಪ್ಪತ್ತರಿಂದ ಎಪ್ಪತ್ತೊಂಬತ್ತರವರೆಗಿನ ವಯಸ್ಸಿನವರಿಗೂ ಸರಕಾರದ ಆರೋಗ್ಯಸೇವೆಯು ಹೊಸ ಮದ್ದನ್ನು ಉಚಿತವಾಗಿ ಕೊಡತೊಡಗಿತು. ಅಷ್ಟರಲ್ಲಿಯೇ ಅರವತ್ತೈದು ದಾಟಿ ಇನ್ನೂ ಎಪ್ಪತ್ತು ಮುಟ್ಟದಿದ್ದವರು, ದೇಹದ ಕಾವಲನ್ನು ಕುಗ್ಗಿಸುವ ಬೇರೊಂದು ರೋಗವಾಗಲಿ ಚಿಕಿತ್ಸೆಯಾಗಲಿ ಇಲ್ಲದಿದ್ದರೆ, ಎಪ್ಪತ್ತರವರೆಗೆ ಕಾಯಬೇಕು. ಪತ್ನಿಯು ಹುಟ್ಟಿದ್ದು ೧೯೫೮ರ ನವೆಂಬರಿನಲ್ಲಿ. ಆಕೆಗೆ ಕರೆ ಬಂದಿತು. ಒಂದೂವರೆ ವರ್ಷ ಹಿರಿಯರಾದ ಪತಿಗೆ ಬರಲಿಲ್ಲ. ೨೦೨೭ರ ಮಾರ್ಚಿಯ ತನಕ ಬರುವಂತೆಯೂ ಇರಲಿಲ್ಲ. ಮುದುಕರಾಗಿರುವುದಕ್ಕೆ ಹೆಚ್ಚು ಅರ್ಹತೆಯಿರುವವರು ತಾವು, ಮರ್ಯಾದೆ ಸಂದದ್ದು ಆಕೆಗೆ ಎಂದು ಅವರು ನಕ್ಕರು. ನಕ್ಕು ಮುಗಿದಮೇಲೆ ಯೋಚನೆಯು ಉಳಿಯಿತು.

ಸರ್ಪಸುತ್ತೆಂಬ ಹೆಸರನ್ನು ಕೇಳಿದರೆ ಕನ್ನಡ ನಾಡಿನವರಿಗೆ ಇಂದಿಗೂ ಒಂದು ಭಯವುಂಟು. ಗುಳ್ಳೆಗಳು ಹಾವಿನಂತೆ ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಬರುತ್ತವೆ. ಹೆಡೆಗೂ ಬಾಲಕ್ಕೂ ಕೂಡಿದರೆ ಮನುಷ್ಯನು ಬದುಕನೆಂದು ಹಿರಿಯರ ನಂಬಿಕೆ. ಅದು ಕೂಡದಂತೆ ಕೆಮ್ಮಣ್ಣಿನ ಗೆರೆ ಎಳೆದು ಮಂತ್ರಿಸುವವರು ಊರೂರಿನಲ್ಲಿ ಇದ್ದರು. ವಾಸ್ತವದಲ್ಲಿ ಹೆಡೆ ಬಾಲಗಳು ಕೂಡುವುದು ಬಹಳ ಅಪೂರ್ವ. ವೈರಸ್ಸು ಸಾಮಾನ್ಯವಾಗಿ ಒಂದೇ ನರದ ಸೀಮೆಯಲ್ಲಿ ಏಳುತ್ತದೆ, ಆ ಸೀಮೆಯು ದೇಹದ ನಟ್ಟನಡುವಿನ ಗೆರೆಯಲ್ಲಿ ಮುಗಿಯುತ್ತದೆ. ಆದುದರಿಂದ ಗುಳ್ಳೆಗಳು ಒಂದು ಪಾರ್ಶ್ವವನ್ನು ದಾಟುವುದಿಲ್ಲ. ಕೆಮ್ಮಣ್ಣಿನ ಗೆರೆಗೆ ಸಂದ ಕೀರ್ತಿಯು ನಿಜವಾಗಿ ದೇಹರಚನೆಗೆ ಸಲ್ಲತಕ್ಕದ್ದು. ಆದರೆ ಹಿರಿಯರ ಭಯವು ಕಾರಣದಲ್ಲಿ ತಪ್ಪಾಗಿದ್ದರೂ ಅಳತೆಯಲ್ಲಿ ತಪ್ಪಾಗಿರಲಿಲ್ಲ. ಗುಳ್ಳೆಗಳು ಮೂರು ನಾಲ್ಕು ವಾರಗಳಲ್ಲಿ ಒಣಗುತ್ತವೆ. ನೋವು ಎಲ್ಲರಲ್ಲಿಯೂ ಅವುಗಳೊಡನೆ ಹೋಗುವುದಿಲ್ಲ. ಸರ್ಪಸುತ್ತು ಬಂದವರಲ್ಲಿ ನೂರಕ್ಕೆ ಹತ್ತರಿಂದ ಹದಿನೆಂಟು ಮಂದಿಗೆ ನರದ ಉರಿಯು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ನಿಲ್ಲುತ್ತದೆ. ವಯಸ್ಸು ಏರಿದಂತೆ ಈ ಪಾಲೂ ಏರುತ್ತದೆ. ಹಣೆ ಕಣ್ಣುಗಳ ನರವನ್ನು ಹಿಡಿದರೆ ದೃಷ್ಟಿಗೇ ಅಪಾಯ.

ಈ ನೋವನ್ನು ಆ ಗೃಹಸ್ಥರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ೧೯೭೪ರಲ್ಲಿ ಅವರ ದೊಡ್ಡಮ್ಮನವರಿಗೆ ಸರ್ಪಸುತ್ತು ಬಂದಿತು. ಗುಳ್ಳೆ ಮಾಯ್ದು ಎಂಟು ತಿಂಗಳಾದರೂ ಆಕೆಗೆ ಎಡಭುಜದ ಮೇಲೆ ಸೆರಗು ತಾಕುವುದನ್ನು ತಾಳಲಾಗುತ್ತಿರಲಿಲ್ಲ. ರಾತ್ರಿಯೆಲ್ಲಾ ಜಗಲಿಯ ಕಂಬಕ್ಕೆ ಬಲಗಡೆಯನ್ನು ಒರಗಿಸಿಕೊಂಡು ಕುಳಿತಿರುತ್ತಿದ್ದರು. ಆದರೆ ಆ ಮನೆಯಲ್ಲಿ ಹದಿನಾಲ್ಕು ಮಂದಿಯಿದ್ದರು. ಒಬ್ಬರು ಗಾಳಿ ಬೀಸಿದರೆ ಇನ್ನೊಬ್ಬರು ಗಂಜಿ ಮಾಡಿದರು. ಮತ್ತೊಬ್ಬರು ನಡುರಾತ್ರಿಯಲ್ಲಿ ಪಕ್ಕದಲ್ಲಿ ಕುಳಿತು ಊರಿನ ಮಾತು ಆಡಿದರು. ನೋವು ಒಬ್ಬರದು, ಅದರ ಭಾರವು ಹದಿನಾಲ್ಕು ಹೆಗಲುಗಳದು. ಬರ್ಮಿಂಗ್‌ಹ್ಯಾಮಿನ ಬಳಿಯ ಮನೆಯಲ್ಲಿ ಇರುವುದು ಇಬ್ಬರು, ಮಗನು ಆಸ್ಟ್ರೇಲಿಯದಲ್ಲಿದ್ದಾನೆ. ಅಲ್ಲಿ ಒಬ್ಬರು ರೋಗಿಯಾದರೆ ಇನ್ನೊಬ್ಬರು ಪರಿಚಾರಕರು, ಅಡಿಗೆಯವರು, ಸಾರಥಿ, ರಾತ್ರಿಯ ಕಾವಲುಗಾರರು, ಎಲ್ಲವೂ. ಒಂದು ತಿಂಗಳಿನಲ್ಲಿ ಆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ.

ದೊಡ್ಡ ಸಂಸಾರದ ಉಪಕಾರವು ಇಷ್ಟಕ್ಕೇ ಮುಗಿಯುವುದಿಲ್ಲವೆಂಬುದನ್ನು ಸೂಚಿಸಿದವರು ಒಬ್ಬ ಆಂಗ್ಲ ವೈದ್ಯರು. ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನಲ್ಲಿ ಚಿಕಿತ್ಸೆ ಮಾಡಿಕೊಂಡಿದ್ದ ಎಡ್ಗರ್ ಹೋಪ್-ಸಿಂಪ್ಸನ್ ಎಂಬವರು ತಮ್ಮ ರೋಗಿಗಳನ್ನೇ ಹದಿನಾರು ವರ್ಷಗಳ ಕಾಲ ಲೆಕ್ಕವಿಟ್ಟು ನೋಡಿ, ಸರ್ಪಸುತ್ತು ಹೊರಗಿನಿಂದ ಅಂಟುವ ರೋಗವಲ್ಲ, ಒಳಗೆ ಮಲಗಿದ್ದ ಸೀತಾಳೆಯೇ ಮತ್ತೆ ಏಳುವುದು ಎಂದು ೧೯೬೫ರಲ್ಲಿ ಪ್ರತಿಪಾದಿಸಿದರು. ಅವರ ಊಹೆಯಲ್ಲಿ ಇನ್ನೊಂದು ಭಾಗವಿದ್ದಿತು: ಸೀತಾಳೆ ಎದ್ದ ಮಕ್ಕಳ ನಡುವೆ ಬಾಳುವ ಹಿರಿಯರ ದೇಹವು ಆಗಾಗ ಹಳೆಯ ಶತ್ರುವಿನ ಗುರುತನ್ನು ಕಂಡು ತನ್ನ ಕಾವಲನ್ನು ಹೊಸದು ಮಾಡಿಕೊಳ್ಳುತ್ತದೆ. ಮುಂದಿನ ಸಂಶೋಧನೆಗಳು ಈ ರಕ್ಷಣೆಯು ನಿಜವೆಂದೂ, ಆದರೆ ಪೂರ್ಣವಲ್ಲವೆಂದೂ ತೋರಿಸಿವೆ. ಮೊಮ್ಮಕ್ಕಳ ನಡುವೆ ಮುಪ್ಪನ್ನು ಕಳೆದವರಿಗೆ ಅವರ ಅರಿವಿಲ್ಲದೆಯೇ ಒಂದಷ್ಟು ಮದ್ದು ಮನೆಯಲ್ಲಿಯೇ ಸಿಕ್ಕುತ್ತಿತ್ತೆಂದಾಯಿತು. ಇನ್ನು ಬ್ರಿಟನ್ನಿನಲ್ಲಿ ೨೦೨೬ರ ಜನವರಿಯಿಂದ ಶಿಶುಗಳಿಗೆಲ್ಲ ಸೀತಾಳೆಯ ಲಸಿಕೆಯು ಆರಂಭವಾಗಿದೆ. ಅದು ಮಕ್ಕಳ ಪಾಲಿಗೆ ಒಳ್ಳೆಯದೇ. ಆದರೆ ಮಕ್ಕಳಿಂದ ಮುದುಕರಿಗೆ ಬರುತ್ತಿದ್ದ ಆ ಪುಕ್ಕಟೆ ಎಚ್ಚರಿಕೆಯು ಇನ್ನು ಅಲ್ಲಿ ವಿರಳವಾಗುತ್ತದೆ.

ಅವರು ಹಿಂಜರಿದದ್ದು ಮೂರು ಕಾರಣಗಳಿಂದ. ಮೊದಲನೆಯದು, ಮಲಗಿದ ಹಾವನ್ನು ಕೆಣಕಬಾರದೆಂಬುದು. ಇದಕ್ಕೆ ಸಮಾಧಾನವು ಸುಲಭವಾಗಿ ದೊರೆಯಿತು. ೨೦೦೬ರಲ್ಲಿ ಬಂದ ಹಳೆಯ ಮದ್ದಿನಲ್ಲಿ ಜೀವಂತ ವೈರಸ್ಸನ್ನೇ ದುರ್ಬಲಗೊಳಿಸಿ ಸೇರಿಸಿದ್ದರು. ಅದು ರೋಗವನ್ನು ಸುಮಾರು ಅರ್ಧದಷ್ಟು ಮಾತ್ರ ತಡೆಯುತ್ತಿತ್ತು. ೨೦೧೭ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಶಿಂಗ್ರಿಕ್ಸ್ ಎಂಬ ಹೊಸ ಮದ್ದಿನಲ್ಲಿ ವೈರಸ್ಸು ಇಲ್ಲವೇ ಇಲ್ಲ. ಅದರ ಹೊರಕವಚದ ಒಂದು ಪ್ರೋಟೀನು ಮಾತ್ರ ಇದೆ. ಆ ಪ್ರೋಟೀನನ್ನು ದೇಹವು ಅಲಕ್ಷ್ಯ ಮಾಡದಿರಲೆಂದು ಜೊತೆಗೆ ಒಂದು ಉತ್ತೇಜಕವನ್ನು ಸೇರಿಸುತ್ತಾರೆ. ಅದರ ಒಂದು ಅಂಶವು ಚಿಲಿ ದೇಶದ ಒಂದು ಮರದ ತೊಗಟೆಯಿಂದ ಬರುವಂಥದು; ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ದ್ರವ್ಯದ ಜಾತಿಗೇ ಸೇರಿದ್ದು. ಐವತ್ತು ದಾಟಿದವರಲ್ಲಿ ಈ ಮದ್ದಿನ ಎರಡು ಚುಚ್ಚುಗಳು ರೋಗವನ್ನು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ತಡೆದವು; ಹನ್ನೊಂದನೆಯ ವರ್ಷದಲ್ಲಿಯೂ ರಕ್ಷಣೆಯು ನೂರಕ್ಕೆ ಎಂಬತ್ತರ ಆಸುಪಾಸಿನಲ್ಲಿದ್ದಿತು.

ಎರಡನೆಯದು ಮದ್ದಿನಿಂದಲೇ ಆಗಬಹುದಾದ ಉಪದ್ರವ. ಪತ್ನಿಯು ಮೊದಲನೆಯ ಚುಚ್ಚನ್ನು ಹಾಕಿಸಿಕೊಂಡು ಬಂದ ರಾತ್ರಿ ಚಳಿ, ಮೈಕೈ ನೋವು, ಮರುದಿನವೂ ತೋಳನ್ನು ಎತ್ತಲಾಗದಂಥ ನೋವು ಆದವು; ಮೂರನೆಯ ದಿನ ಏನೂ ಇರಲಿಲ್ಲ. ಬಹುಮಂದಿಗೆ ತೋಳು ನೋಯುತ್ತದೆ. ಸುಮಾರು ಆರು ಮಂದಿಗೆ ಒಬ್ಬರಿಗೆ ಒಂದೆರಡು ದಿನ ಕೆಲಸಕ್ಕೆ ಅಡ್ಡಿಯಾಗುವಷ್ಟು ತೊಂದರೆಯಾಗುತ್ತದೆ. ನರಗಳ ಶಕ್ತಿಯನ್ನು ಕುಂದಿಸುವ ಗಿಲ್ಲನ್-ಬಾರೆ ಎಂಬ ವ್ಯಾಧಿಯ ವಿಷಯವಾಗಿ ಅಮೆರಿಕದ ಔಷಧಿ ನಿಯಂತ್ರಕರು ೨೦೨೧ರಲ್ಲಿ ಎಚ್ಚರಿಕೆ ಕೊಟ್ಟಿದ್ದರು; ಅರವತ್ತೈದು ಮೀರಿದವರಲ್ಲಿ ಹತ್ತು ಲಕ್ಷ ಚುಚ್ಚುಗಳಿಗೆ ಸುಮಾರು ಮೂರು ಪ್ರಕರಣಗಳು ಹೆಚ್ಚಾಗಿ ಕಂಡಿದ್ದವು. ಒಂದು ಪಕ್ಕದಲ್ಲಿ ಹತ್ತು ಲಕ್ಷದಲ್ಲಿ ಮೂರು. ಇನ್ನೊಂದು ಪಕ್ಕದಲ್ಲಿ, ಜೀವಮಾನದಲ್ಲಿ ಸರ್ಪಸುತ್ತು ಬರುವ ಸಂಭವವು ಮೂವರಿಗೆ ಒಬ್ಬರಂತೆ. ಜೀವಮಾನವೆಲ್ಲ ತೂಕದ ಲೆಕ್ಕ ಹಾಕಿದ ಎಂಜಿನಿಯರರಿಗೆ ಈ ತಕ್ಕಡಿಯು ಯಾವ ಕಡೆಗೆ ವಾಲುವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮೂರನೆಯದು ಹಣ, ಹಣಕ್ಕಿಂತ ಹೆಚ್ಚಾಗಿ ಅಭಿಮಾನ. ಖಾಸಗಿಯಾಗಿ ಹಾಕಿಸಿಕೊಂಡರೆ ಇಂಗ್ಲೆಂಡಿನಲ್ಲಿ ಎರಡು ಚುಚ್ಚುಗಳ ವೆಚ್ಚವು ನಾನೂರು ಪೌಂಡುಗಳನ್ನು ಮೀರುತ್ತದೆ. ನಾಲ್ವತ್ತು ವರ್ಷ ತೆರಿಗೆ ಕೊಟ್ಟವನು ಮೂರು ವರ್ಷ ಕಾದರೆ ನ್ಯಾಯವಾಗಿ ದೊರೆಯುವುದನ್ನು ಈಗ ಕೊಳ್ಳುವುದೇಕೆ? ಪರದೇಶದಲ್ಲಿ ಸಂಸಾರ ಕಟ್ಟಿದ ಆ ತಲೆಮಾರಿನವರಿಗೆ ತಮ್ಮ ಸ್ವಂತ ಮೈಗಾಗಿ ಖರ್ಚುಮಾಡುವುದೆಂದರೆ ಒಂದು ಬಗೆಯ ಸಂಕೋಚ. ಮಗನ ಶಾಲೆಗೆ, ತಮ್ಮನ ಮನೆಗೆ, ತಂಗಿಯ ಮದುವೆಗೆ ಹಣ ಕಳುಹಿಸುವಾಗ ನಡುಗದ ಕೈ ಇಲ್ಲಿ ನಡುಗುತ್ತದೆ. ಹೀಗೆ ೨೦೨೪ ಕಳೆಯಿತು. ಪತ್ನಿಯ ಎರಡನೆಯ ಚುಚ್ಚೂ ಮುಗಿಯಿತು.

೨೦೨೫ರ ಏಪ್ರಿಲಿನಲ್ಲಿ ಪ್ರಕಟವಾದ ಒಂದು ಸಂಶೋಧನೆಯ ವಾರ್ತೆಯು ಅವರ ಲೆಕ್ಕವನ್ನು ಬದಲಾಯಿಸಿತು. ವೇಲ್ಸ್ ಪ್ರಾಂತದಲ್ಲಿ ೨೦೧೩ರ ಸೆಪ್ಟೆಂಬರಿನಲ್ಲಿ ಹಳೆಯ ಮದ್ದನ್ನು ಕೊಡಲು ಆರಂಭಿಸಿದಾಗ, ೧೯೩೩ರ ಸೆಪ್ಟೆಂಬರ್ ೨ರಂದಾಗಲಿ ಅನಂತರವಾಗಲಿ ಹುಟ್ಟಿದವರಿಗೆ ಅರ್ಹತೆಯಿದ್ದಿತು. ಅದಕ್ಕೆ ಒಂದು ದಿನ ಮೊದಲು ಹುಟ್ಟಿದ್ದವರಿಗೂ ಇರಲಿಲ್ಲ. ಒಂದೆರಡು ವಾರಗಳ ಅಂತರದಲ್ಲಿ ಹುಟ್ಟಿದ ಜನರಲ್ಲಿ ಬೇರೆ ಯಾವ ಭೇದ ತಾನೇ ಇದ್ದೀತು? ಆ ಎರಡು ಗುಂಪುಗಳನ್ನು ಏಳು ವರ್ಷಗಳ ಕಾಲ ಹೋಲಿಸಿದಾಗ, ಮದ್ದು ಹಾಕಿಸಿಕೊಂಡವರಲ್ಲಿ ಬುದ್ಧಿಭ್ರಮಣೆಯ ಮರೆವಿನ ರೋಗವು ಸುಮಾರು ಐದರಲ್ಲಿ ಒಂದು ಪಾಲು ಕಡಮೆಯಾಗಿದ್ದಿತು. ಅದು ಹಳೆಯ ಮದ್ದಿನ ಫಲ. ಹೊಸದೂ ಹಾಗೆಯೇ ಮಾಡುವುದೆಂದು ಇದರಿಂದಲೇ ನಿಶ್ಚಯವಾಗಿ ಹೇಳಲಾಗದು.

ಅವರು ಇದನ್ನು ಓದಿದ್ದು ಪರದೇಶದ ಮುದುಕನ ಕಣ್ಣಿನಿಂದ. ಮರೆವಿನ ರೋಗವು ಬಂದವರಲ್ಲಿ ಅನೇಕ ವೇಳೆ ನಡುಪ್ರಾಯದಲ್ಲಿ ಕಲಿತ ಭಾಷೆಯು ಮೊದಲು ಜಾರುತ್ತದೆ, ತಾಯ್ನುಡಿಯು ಕೊನೆಯವರೆಗೆ ನಿಲ್ಲುತ್ತದೆ. ಹಳ್ಳಿಯಲ್ಲಿ ಮರೆವು ಬಂದ ಮುದುಕನು ಬಾಯಾರಿಕೆಯೆಂದರೆ ಬೀದಿಯವರಿಗೆಲ್ಲ ತಿಳಿಯುತ್ತದೆ. ಇಂಗ್ಲೆಂಡಿನ ವೃದ್ಧಾಶ್ರಮದಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಆಡಿದರೆ, ಎಷ್ಟೇ ಕರುಣೆಯುಳ್ಳ ದಾದಿಯಾದರೂ ದಿಂಬನ್ನು ಸರಿಪಡಿಸಿ ಹೋದಾಳು. ಸಾವಿಗೆ ಅಂಜದವರೂ ಈ ಚಿತ್ರಕ್ಕೆ ಅಂಜುತ್ತಾರೆ. ಐದರಲ್ಲಿ ಒಂದು ಪಾಲಿನ ಆಸೆ, ಅದೂ ಅನಿಶ್ಚಿತವಾದದ್ದು. ಆದರೂ ನಾನೂರು ಪೌಂಡಿನ ಅಭಿಮಾನವು ಅದರ ಮುಂದೆ ನಿಲ್ಲಲಿಲ್ಲ.

ಉಳಿದದ್ದು ಎಲ್ಲಿ, ಯಾವಾಗ ಎಂಬ ವ್ಯವಸ್ಥೆಯ ಪ್ರಶ್ನೆ. ೨೦೨೭ರ ಮಾರ್ಚಿಗೆ ಕಾದರೆ, ಅಲ್ಲಿ ಆರೋಗ್ಯವಂತರಿಗೆ ಎರಡನೆಯ ಚುಚ್ಚನ್ನು ಆರರಿಂದ ಹನ್ನೆರಡು ತಿಂಗಳ ಮೇಲೆ ಕೊಡುವ ಪದ್ಧತಿಯಾದುದರಿಂದ, ರಕ್ಷಣೆಯು ಪೂರ್ಣವಾಗುವಾಗ ಆ ವರ್ಷವೇ ಮುಗಿಯುತ್ತಾ ಬರುತ್ತದೆ. ಭಾರತದಲ್ಲಿ ಅದೇ ಮದ್ದು ೨೦೨೩ರಿಂದ ಖಾಸಗಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಸರಕಾರದ ಲಸಿಕೆಗಳ ಪಟ್ಟಿಯಲ್ಲಿ ಸೇರಿಲ್ಲ, ಬೆಲೆಯೂ ಸಾಮಾನ್ಯರಿಗೆ ಅಗ್ಗವಲ್ಲ. ತಯಾರಕರು ಹೇಳುವ ಅಂತರವು ಎರಡರಿಂದ ಆರು ತಿಂಗಳು. ದಂಪತಿಗಳು ಪ್ರತಿ ಚಳಿಗಾಲದಲ್ಲಿ ಮೂರು ತಿಂಗಳು ಬೆಂಗಳೂರಿನಲ್ಲಿ ತಮ್ಮನ ಮನೆಯಲ್ಲಿರುವ ವಾಡಿಕೆ. ೨೦೨೫ರ ಡಿಸೆಂಬರ್ ಮೊದಲಿನಲ್ಲಿ ಒಂದು, ೨೦೨೬ರ ಫೆಬ್ರುವರಿಯಲ್ಲಿ ಇನ್ನೊಂದು. ಪ್ರವಾಸದ ಅವಧಿಯೊಳಗೆ ಎರಡೂ ಹಿಡಿಯುತ್ತವೆ. ಹಾಗೆಯೇ ನಡೆಯಿತು. ಮೊದಲ ಚುಚ್ಚಿನ ಜ್ವರದ ರಾತ್ರಿ ತಮ್ಮನ ಹೆಂಡತಿಯು ಮೆಣಸಿನ ಸಾರು ಮಾಡಿದರು. ತಮ್ಮನ ಮೊಮ್ಮಗಳು ಅಜ್ಜನ ತೋಳಿಗೆ ಒದ್ದೆಬಟ್ಟೆ ಇಟ್ಟಳು. ಒಂದು ದಿನದ ಜ್ವರಕ್ಕೆ ಇಷ್ಟು ಉಪಚಾರವು ದೊರೆಯುವ ಸ್ಥಳದಿಂದ ತಾವು ಎಷ್ಟು ದೂರದಲ್ಲಿ ಬಾಳುತ್ತಿರುವೆವೆಂಬುದನ್ನು ಅವರು ಆ ರಾತ್ರಿ ಮದ್ದಿಗಿಂತ ಹೆಚ್ಚಾಗಿ ಅನುಭವಿಸಿದರು.

ತಾರೀಖು ಮತ್ತು ಮದ್ದಿನ ಸಂಖ್ಯೆಯನ್ನು ಬರೆಸಿಕೊಂಡ ಚೀಟಿಯನ್ನು ಇಂಗ್ಲೆಂಡಿನ ವೈದ್ಯರ ದಫ್ತರಕ್ಕೆ ಕೊಟ್ಟದ್ದಾಗಿದೆ. ಬಂಧುಬಳಗವು ತಾನಾಗಿ ಮಾಡುತ್ತಿದ್ದ ಕಾವಲನ್ನು ಪರದೇಶದಲ್ಲಿ ಮುಪ್ಪನ್ನು ಕಳೆಯುವವರು ತಾವೇ ಮೊದಲಿನಿಂದ ಏರ್ಪಡಿಸಿಕೊಳ್ಳಬೇಕು. ಅಲ್ಲಿ ಮುಂಜಾಗ್ರತೆಯು ಹೇಡಿತನವಲ್ಲ, ಜೊತೆಯಲ್ಲಿರುವ ಒಬ್ಬರೇ ಒಬ್ಬರ ಮೇಲಿನ ಕರುಣೆ. ಇಬ್ಬರಲ್ಲಿ ಒಬ್ಬರು ಮೊದಲು ಹೋದಮೇಲೆ ಉಳಿದವರು ಎಲ್ಲಿರತಕ್ಕದ್ದು ಎಂಬ ಪ್ರಶ್ನೆಯನ್ನು ಆ ದಂಪತಿಗಳು ಇನ್ನೂ ಬಿಡಿಸಿಲ್ಲ. ಅದಕ್ಕೆ ಸೂಜಿಮದ್ದು ಇಲ್ಲ. ಆದರೆ ಅದನ್ನು ನಿಧಾನವಾಗಿ, ನೋವಿಲ್ಲದ ಮೈಯಿಂದ, ಕೂತು ಮಾತನಾಡುವುದಕ್ಕೆ ಕೆಲವು ವರ್ಷಗಳನ್ನು ಅವರು ತಮ್ಮ ಕೈಲಾದಮಟ್ಟಿಗೆ ಭದ್ರಮಾಡಿಕೊಂಡಿದ್ದಾರೆ.