ನಮ್ಮ ಗಾಡಿಯ ಕ್ಲಚ್ಚು

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು ನಿವೃತ್ತರಾದ ಮೇಲೆ ಮೋಟಾರು ಗಾಡಿಯ ಕೆಳಗೆ ಅಂಗಾತ ಮಲಗಿರುವುದನ್ನು ಕಂಡರೆ ನೆರೆಹೊರೆಯವರು ನಗುವುದು ಸಹಜವೇ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ನಮ್ಮ ಬೀದಿಯಲ್ಲಿಯೇ, ಹೋದ ಮಾಘಮಾಸದಲ್ಲಿ ಹಾಗೆ ನಕ್ಕವರು ಹಲವರು. ಅವರ ಮೇಲೆ ನಮಗೆ ಕೋಪವಿಲ್ಲ. ೨೦೨೪ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ನೀರೆಲ್ಲ ಹರಿದುಹೋಗುತ್ತಿದ್ದಾಗ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ಇಳಿಸುವ ಕೆಲಸಕ್ಕೆ ದಾರಿ ತೋರಿದವರು ವಯೋವೃದ್ಧರಾದ ಕನ್ನಯ್ಯ ನಾಯ್ಡು ಅವರಲ್ಲವೆ? ನಾವು ಅವರ ಕಾಲ ಧೂಳಿಗೂ ಸಮನಲ್ಲ, ಅದು ಬೇರೆ ಮಾತು.

ನಮ್ಮದು ಮಾರುತಿ ೮೦೦. ೧೯೮೩ರ ಕೊನೆಯಲ್ಲಿ ಈ ಜಾತಿಯ ಗಾಡಿ ಮೊದಲು ಬೀದಿಗಿಳಿದಾಗ ನಾವಿನ್ನೂ ವಿದ್ಯಾರ್ಥಿಗಳು. ೨೦೧೪ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ನಮ್ಮ ಗಾಡಿ ೨೦೦೪ರದು, ಬೇರೊಬ್ಬರ ಕೈಯಲ್ಲಿ ಆರು ವರ್ಷ ಓಡಿ ನಮ್ಮಲ್ಲಿಗೆ ಬಂದುದು. ಹದಿನೈದು ವರ್ಷ ತುಂಬಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ಹೊಸದು ಮಾಡಿಸಬೇಕು. ಎರಡು ಸಲ ಮಾಡಿಸಿದ್ದೇವೆ. ಬೆಂಗಳೂರಿನಲ್ಲಿರುವ ಮಗನು, “ಅಪ್ಪಾ, ಅದನ್ನು ಗುಜರಿಗೆ ಹಾಕಿ, ಬೇರೊಂದನ್ನು ನಾನು ಕೊಡಿಸುತ್ತೇನೆ” ಎಂದು ಪ್ರತಿ ತಿಂಗಳೂ ಹೇಳುತ್ತಾನೆ. ಕೊಡಿಸುವ ಶಕ್ತಿ ಅವನಿಗಿದೆ. ತೆಗೆದುಕೊಳ್ಳುವ ಶಕ್ತಿ ನಮಗಿಲ್ಲ, ಅಷ್ಟೆ.

ಗಾಡಿಯಿಂದ ಆಗಬೇಕಾದ ಕೆಲಸವೆಂದರೆ ಒಂದೇ. ನಮ್ಮ ಮನೆಯವರ ಅಕ್ಕನವರು ಕಂಪ್ಲಿಯಲ್ಲಿ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಪ್ರತಿ ಶುಕ್ರವಾರ ಅಲ್ಲಿಗೆ ಹೋಗಿ ಅವರಿಗೆ ತಲೆಸ್ನಾನ ಮಾಡಿಸಿ, ಜಡೆ ಹಾಕಿ, ಸಂಜೆಗೆ ಬರುವುದು ನಮ್ಮ ಮನೆಯವರ ವ್ರತ. ಮೊಣಕಾಲಿನ ನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲಾರರು. ಗಾಡಿ ನಿಂತರೆ ವ್ರತವೂ ನಿಂತಂತೆ.

ಅದು ನಿಂತುದು ಹೀಗೆ. ಸಂಡೂರಿನ ಕುಮಾರಸ್ವಾಮಿ ಬೆಟ್ಟಕ್ಕೆ ನಾವೊಬ್ಬರೇ ಹೋಗಿದ್ದೆವು. ಹಿಂದಿರುಗುವಾಗ ಮುಂದೆ ಅದಿರು ಲಾರಿಗಳ ಸಾಲು. ಏರಿನಲ್ಲಿ ಲಾರಿ ಒಂದು ಮಾರು ಸರಿಯುವುದು, ನಿಲ್ಲುವುದು; ನಾವೂ ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು ತೆವಳುವುದು. ಗಳಿಗೆಯೊಳಗೆ ಸುಟ್ಟ ವಾಸನೆ ಬಂದಿತು. ಇಂಜಿನು ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಹೇಗೋ ಮನೆ ಮುಟ್ಟಿದೆವು.

ತರ್ಕಸಂಗ್ರಹವನ್ನು ಓದಿದವರಿಗೆ ನೆನಪಿರಬಹುದು: ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಯೋಗವೂ ಒಂದು, ವಿಭಾಗವೂ ಒಂದು. ಕ್ಲಚ್ಚೆಂದರೆ ಈ ಎರಡು ಗುಣಗಳ ವ್ಯಾಪಾರವೇ ಎಂದು ನಮಗೆ ತೋರುತ್ತದೆ. ಇಂಜಿನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ ಗೇರು ಪೆಟ್ಟಿಗೆಯ ದಂಡಕ್ಕೆ ಸಿಕ್ಕಿಸಿದ ಕ್ಲಚ್ ಪ್ಲೇಟು. ಪ್ರೆಶರ್ ಪ್ಲೇಟೆಂಬ ಸ್ಪ್ರಿಂಗಿನ ಮುಚ್ಚಳವು ಆ ಪ್ಲೇಟನ್ನು ಚಕ್ರಕ್ಕೆ ಅದುಮಿ ಹಿಡಿದಿರುತ್ತದೆ. ಎರಡೂ ಒಂದಾಗಿ ತಿರುಗುತ್ತವೆ. ಕಾಲಿನಿಂದ ಒತ್ತಿದಾಗ ತಂತಿ ಎಳೆದು, ಬೇರಿಂಗು ಸ್ಪ್ರಿಂಗಿನ ನಡುವನ್ನು ತಳ್ಳಿ, ಹಿಡಿತ ಸಡಿಲುತ್ತದೆ. ಅರ್ಧ ಒತ್ತಿದಾಗ ಇರುವುದು ಸಂಯೋಗವೂ ಅಲ್ಲ, ವಿಭಾಗವೂ ಅಲ್ಲ, ಬರಿಯ ಉಜ್ಜಾಟ. ಸಂಡೂರಿನ ಏರಿನಲ್ಲಿ ನಾವು ಮಾಡಿದ ತಪ್ಪು ಅದೇ.

ಪೇಟೆಯ ಒಂದು ಗ್ಯಾರೇಜಿನವರು ಗಾಡಿಯ ಬಾನೆಟ್ಟನ್ನೂ ತೆರೆಯದೆ, ಇಂಜಿನನ್ನೇ ಇಳಿಸಬೇಕು ಎಂದು ಒಂದು ಮೊತ್ತ ಹೇಳಿದರು. ಅದನ್ನು ಕೇಳಿ ನಾವು ನಮಸ್ಕಾರ ಮಾಡಿ ಬಂದೆವು. ಮನೆಯಲ್ಲಿ ಮೊದಲು ತಂತಿಯನ್ನು ನೋಡಿದೆವು. ಅದು ತೀರ ಬಿಗಿಯಾಗಿದ್ದರೂ ಕ್ಲಚ್ಚು ಜಾರುವುದುಂಟು. ಸಡಿಲಿಸಿದರೂ ಗುಣ ಕಾಣಲಿಲ್ಲ. ಕೈ ಬ್ರೇಕು ಎಳೆದು, ಕೊನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲನೆ ಬಿಟ್ಟೆವು. ಸರಿಯಿದ್ದರೆ ಇಂಜಿನು ಒಡನೆ ನಿಂತುಹೋಗಬೇಕು. ನಮ್ಮದು ನಿಶ್ಚಿಂತೆಯಾಗಿ ತಿರುಗುತ್ತಿತ್ತು. ಇನ್ನು ಸಂಶಯವಿಲ್ಲವೆಂದು ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಕೊಂಡು ತಂದೆವು.

ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗನನ್ನು ಜೊತೆಗೆ ಕರೆದುಕೊಂಡು ಬುಧವಾರ ಕೆಲಸ ಹಿಡಿದೆವು. ಬ್ಯಾಟರಿಯ ತಂತಿ ಬಿಚ್ಚಿದೆವು, ಗೇರು ಪೆಟ್ಟಿಗೆಯ ಎಣ್ಣೆಯನ್ನು ಬೋಗುಣಿಗೆ ಇಳಿಸಿದೆವು. ಗಾಡಿಯನ್ನು ಜಾಕಿಯ ಮೇಲೆತ್ತಿದಾಗ ನಮ್ಮ ಮನೆಯವರು ಹೊರಗೆ ಬಂದು, ಕೆಳಗೆ ಗಟ್ಟಿಯಾದುದನ್ನು ಏನಾದರೂ ಇಡದೆ ಮಲಗಕೂಡದು ಎಂದರು. ಹೆಂಗಸರ ಅಂಜಿಕೆ ಎಂದುಕೊಂಡೇ ನಾವು ಬಿಚ್ಚಿದ ಎರಡು ಚಕ್ರಗಳನ್ನು ಬಾಗಿಲಿನ ಕೆಳಗೆ ಅಡ್ಡ ಮಲಗಿಸಿದೆವು. ಅರ್ಧ ಗಂಟೆಯ ತರುವಾಯ ಪಾನಾ ತರಲು ನಾವು ಈಚೆಗೆ ಬಂದೆವು. ಹುಡುಗನು ಹೊರಗಿನಿಂದಲೇ ಕಂಬಿ ಹಾಕಿ ಆಕ್ಸಲನ್ನು ಮೀಟಿದನು. ಮೆತ್ತನೆಯ ಮಣ್ಣಿನಲ್ಲಿ ಜಾಕಿ ವಾಲಿತು. ಗಾಡಿ ಧೊಪ್ಪನೆ ಇಳಿದು ಆ ಚಕ್ರಗಳ ಮೇಲೆ ಕುಳಿತಿತು. ಚಕ್ರಗಳಿಲ್ಲದಿದ್ದರೆ ನೆಲಕ್ಕೆ ಉಳಿಯುತ್ತಿದ್ದುದು ಒಂದು ಗೇಣು. ನಾವು ಮಲಗಿದ್ದ ಗೋಣಿತಟ್ಟು ಅಲ್ಲಿಯೇ ಇತ್ತು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಒಂದು ಮಾತನ್ನೂ ಆಡಲಿಲ್ಲ. ರಾತ್ರಿ ಊಟ ಬಡಿಸುವಾಗಲೂ ಆಡಲಿಲ್ಲ.

ಮರುದಿನ ಸಾಮಿಲ್ಲಿನಿಂದ ಮರದ ದಪ್ಪ ತುಂಡುಗಳನ್ನು ತಂದು, ಹಲಗೆಯ ಮೇಲೆ ಜಾಕಿಯಿಟ್ಟು, ಮತ್ತೆ ಹತ್ತಿದೆವು. ಇಟ್ಟಿಗೆ ನೋಡಲು ಗಟ್ಟಿ, ಭಾರ ಬಿದ್ದರೆ ಪುಡಿಯಾಗುತ್ತದೆ. ಅದನ್ನು ಯಾರೂ ನಂಬಬಾರದು. ಇಂಜಿನಿಗೆ ಕೆಳಗಿನಿಂದ ಆಧಾರ ಕೊಟ್ಟು, ಸುತ್ತಲಿನ ಬೋಲ್ಟುಗಳನ್ನು ತೆಗೆದು, ಇಬ್ಬರೂ ಸೇರಿ ಗೇರು ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಮಗುವನ್ನು ಮಲಗಿಸಿದಂತೆ ಇಳಿಸಿದೆವು. ಹಳೆಯ ಪ್ಲೇಟು ರಿವೆಟ್ಟಿನವರೆಗೂ ಸವೆದಿತ್ತು. ಒಳಗಿನ ಕರಿಯ ಧೂಳನ್ನು ಊದಲಿಲ್ಲ. ಹಿಂದಿನ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿದೆವು.

ಬಿಚ್ಚುವುದು ಇಷ್ಟು ಸುಲಭವಾದುದೇ ನಮಗೆ ಮುಳುವಾಯಿತು. ಹೊಸ ಪ್ಲೇಟನ್ನು ಇಟ್ಟು ಮುಚ್ಚಳ ಬಿಗಿದು ಪೆಟ್ಟಿಗೆಯನ್ನು ಎತ್ತಿ ತಳ್ಳಿದರೆ, ಅದು ಎರಡು ಬೆರಳು ದೂರದಲ್ಲಿ ನಿಂತುಬಿಟ್ಟಿತು. ಶುಕ್ರವಾರ ಹೋಯಿತು, ಕಂಪ್ಲಿಗೆ ಹೋಗಲಾಗಲಿಲ್ಲ. ಶನಿವಾರವೂ ಹೋಯಿತು. ಬೋಲ್ಟುಗಳನ್ನೇ ಬಿಗಿಯುತ್ತ ಬಲಾತ್ಕಾರದಿಂದ ಎಳೆದುಬಿಡೋಣವೆಂದು ಭಾನುವಾರ ಬೆಳಿಗ್ಗೆ ಪಾನಾ ಹಿಡಿದಾಗ, ಗೇಟಿನಲ್ಲಿ ಒಬ್ಬನು ನಿಂತು, “ಹಂಗ ಮಾಡಬ್ಯಾಡ್ರಿ ಮೇಷ್ಟ್ರೇ, ಕಿವಿ ಒಡೀತೈತಿ” ಎಂದನು.

ಅವನನ್ನು ಗುರುತು ಹಿಡಿಯಲು ನಮಗೆ ಕ್ಷಣ ಹಿಡಿಯಿತು. ನಮ್ಮ ಹಳೆಯ ಶಿಷ್ಯ. ಈಗ ಸಂಡೂರಿನಲ್ಲಿ ಲಾರಿ ಮೆಕ್ಯಾನಿಕ್ಕು. ಅವನ ಮದುವೆಯ ಕರೆಯೋಲೆಯಲ್ಲಿದ್ದ ನಂಬರಿಗೆ ನಮ್ಮ ಮನೆಯವರು ನಮಗೆ ತಿಳಿಸದೆ ಫೋನು ಮಾಡಿದ್ದರು. ಆ ಮದುವೆಗೆ ನಾವು ಹೋಗಿರಲಿಲ್ಲ, ಹೋಗಲು ಮುಖವಿರಲಿಲ್ಲ. ಹತ್ತನೆಯ ತರಗತಿಯಲ್ಲಿ ರಾಮಶಬ್ದ ಬರೆಯಬೇಕಾದ ಪುಸ್ತಕದಲ್ಲಿ ಅವನು ಲಾರಿಯ ಚಿತ್ರ ಬರೆದಿದ್ದನು. ಇಂಜಿನು, ಗೇರು, ಆಕ್ಸಲು, ಎಲ್ಲವೂ ಯಥಾಸ್ಥಾನದಲ್ಲಿದ್ದ ಚಿತ್ರ. ಅದನ್ನು ತರಗತಿಗೆ ಎತ್ತಿ ತೋರಿಸಿ ನಗಿಸಿ, ಒಂದು ವಾರ ಅವನನ್ನು ಹೊರಗೆ ನಿಲ್ಲಿಸಿದೆವು. ಎಂಟನೆಯ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಆ ವರ್ಷ ೨೦೦೪.

ಅವನು ಒಳಗೆ ಬಗ್ಗಿ ನೋಡಿ, ಪ್ಲೇಟು ನಡುವಿಗಿಲ್ಲ ಎಂದನು. ದಂಡವು ಪ್ಲೇಟಿನ ರಂಧ್ರದ ಮೂಲಕ ಹಾದು ಚಕ್ರದ ನಡುವಿನ ಕುಳಿಗೆ ಹೋಗಬೇಕು. ಮೂರೂ ಒಂದೇ ಗೆರೆಯಲ್ಲಿರದೆ ಎಷ್ಟು ತಳ್ಳಿದರೇನು? “ಅಮ್ಮಾರೇ, ಹಳೇ ಲಟ್ಟಣಿಗೆ ಇದ್ರ ಕೊಡ್ರಿ” ಎಂದು ಕೇಳಿ ತೆಗೆದುಕೊಂಡು, ಅದರ ಹಿಡಿಯನ್ನು ಚಾಕುವಿನಿಂದ ಕೆತ್ತಿ, ಅಂಟುಪಟ್ಟಿ ಸುತ್ತಿ, ಕುಳಿಗೆ ಒಂದು ಅಳತೆ, ಪ್ಲೇಟಿಗೆ ಒಂದು ಅಳತೆ ಮಾಡಿದನು. ಅನಂತರ ಅದನ್ನು ನಮ್ಮ ಕೈಗೆ ಕೊಟ್ಟು ತಾನು ಹಿಂದೆ ಸರಿದು ಕುಳಿತನು. “ನೀವೇ ಹಾಕ್ರಿ. ನಾನು ನೋಡ್ತೀನಿ.”

ನಾವು ಹಾಕಿದೆವು. ಪ್ಲೇಟಿನ ಉಬ್ಬು ಗೇರು ಪೆಟ್ಟಿಗೆಯ ಕಡೆಗೆ. ಮುಚ್ಚಳದ ಬೋಲ್ಟುಗಳನ್ನು ಒಂದೇ ಸಲ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ. ಎರಡು ಸಲ ತಪ್ಪಿದೆವು. ಎರಡು ಸಲವೂ ಅವನು ನಗಲಿಲ್ಲ, “ಇನ್ನೊಮ್ಮೆ” ಎಂದನು. ಲಟ್ಟಣಿಗೆಯನ್ನು ಎಳೆದುಕೊಂಡು ಪೆಟ್ಟಿಗೆಯನ್ನು ಎತ್ತಿದೆವು. ಒಮ್ಮೆ ಅಲುಗಿಸಿದೊಡನೆ ಅದು ಒರೆಗೆ ಕತ್ತಿ ಇಳಿದಂತೆ ಕುಳಿತುಕೊಂಡಿತು.

ಊಟದ ಎಲೆಯ ಮುಂದೆ ನಾವು ಕೇಳಿಯೇಬಿಟ್ಟೆವು: ಶಾಲೆ ಬಿಟ್ಟುದು ನಮ್ಮಿಂದಲೇ ಅಲ್ಲವೆ? ಅವನು ಅನ್ನ ಕಲಸುತ್ತ, “ನಿಮ್ಮಿಂದಲ್ಲರೀ. ಅಪ್ಪ ಸಾಲ ಮಾಡಿದ್ದ. ಅದಿರಿನ ಕಾಲ, ಲಾರಿ ಕೆಲಸಕ್ಕ ದಿನಾ ರೊಕ್ಕ ಸಿಗತಿತ್ತು” ಎಂದನು. ಆಮೇಲೆ ತಡೆದು, “ಆ ಪುಸ್ತಕ ಮಾತ್ರ ನೀವು ವಾಪಸ್ಸು ಕೊಡಲಿಲ್ಲ” ಎಂದನು. ಅದನ್ನು ಎಲ್ಲಿ ಹಾಕಿದೆವೋ ನಮಗೆ ನೆನಪಿರಲಿಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಗಣಿಗಳನ್ನು ನಿಲ್ಲಿಸಿದಾಗ ಪಟ್ಟ ಪಾಡನ್ನು ಅವನು ನಮ್ಮ ಮನೆಯವರಿಗೆ ಹೇಳುತ್ತಿದ್ದನು, ನಾವು ಕೇಳುತ್ತಿದ್ದೆವು. ಕೂಲಿ ಕೊಡಹೋದರೆ ಮುಟ್ಟಲಿಲ್ಲ.

ಮುಂದಿನ ಶುಕ್ರವಾರ ಕಮಲಾಪುರದ ಮೇಲೆ ಕಂಪ್ಲಿಗೆ ಹೊರಟೆವು. ದಾರಿಯಲ್ಲಿ ಹಂಪಿಯ ಬಂಡೆಗಳು, ಬಾಳೆಯ ತೋಟಗಳು, ವಿಜಯನಗರದರಸರ ಕಾಲದ ಕಾಲುವೆಯ ನೀರು. ಪೆಡಲು ಮೊದಲು ಒಂದು ಬೆರಳಿನಷ್ಟು ಸಡಿಲವಾಗಿ ಹೋಗಿ ಆಮೇಲೆ ಹಿಡಿಯುತ್ತಿತ್ತು, ಇರಬೇಕಾದುದು ಹಾಗೆಯೇ. ಎರಡನೆಯ ಗೇರಿಗೆ ಹಾಕುವಾಗ ಒಮ್ಮೆ ಗಾಡಿ ಜಗ್ಗಿತು. ನಮ್ಮ ಮನೆಯವರು, “ಮೆಲ್ಲಗೆ ಬಿಡಿ” ಎಂದರು. ಆ ಬುಧವಾರದಿಂದ ಗಾಡಿಯ ವಿಷಯವಾಗಿ ಅವರು ನಮ್ಮೊಡನೆ ಆಡಿದ ಮೊದಲನೆಯ ಮಾತು ಅದು. ಕಂಪ್ಲಿ ಮುಟ್ಟಿದಾಗ ಅವರ ಅಕ್ಕನವರು ಎಣ್ಣೆಯ ಬಟ್ಟಲನ್ನು ಮಗ್ಗುಲಲ್ಲಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದರು.

ಮನೆಯಲ್ಲಿ ಈಗ ಹೊಸ ಲಟ್ಟಣಿಗೆ ಬಂದಿದೆ. ಹಳೆಯದು ಗಾಡಿಯ ಡಿಕ್ಕಿಯಲ್ಲಿದೆ. ಹಳೆಯ ಪುಸ್ತಕಗಳ ಪೆಟ್ಟಿಗೆಗಳನ್ನು ಅಟ್ಟದಿಂದ ಒಂದೊಂದಾಗಿ ಇಳಿಸಿ ನೋಡುತ್ತಿದ್ದೇವೆ. ನಾಲ್ಕು ನೋಡಿಯಾಯಿತು, ಇನ್ನು ಮೂರು ಇವೆ.